ಹಳೆಯ ಯಂತ್ರದ ಋಣ

ಮಹಾನವಮಿಯಂದು ಕನ್ನಡ ನಾಡಿನ ಮನೆಮನೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. ರೈತನು ನೇಗಿಲನ್ನು ತೊಳೆದಿಡುತ್ತಾನೆ. ಬಡಗಿಯು ಉಳಿ ಬಾಚಿಗಳಿಗೆ ಕುಂಕುಮ ಹಚ್ಚುತ್ತಾನೆ. ನೇಕಾರನು ಮಗ್ಗಕ್ಕೆ ಹೂ ಮುಡಿಸುತ್ತಾನೆ. ಈಚಿನ ದಶಕಗಳಲ್ಲಿ ಈ ಸಾಲಿಗೆ ಹೊಸ ಆಯುಧಗಳೂ ಬಂದು ಸೇರಿವೆ. ಟಿವಿ, ಮಿಕ್ಸಿ, ಕಂಪ್ಯೂಟರ್, ಮೊಬೈಲ್ ಫೋನು ಎಲ್ಲಕ್ಕೂ ಅಂದು ಒಂದೊಂದು ಬೊಟ್ಟು ಕುಂಕುಮ, ಒಂದೊಂದು ಸೇವಂತಿಗೆ ಹೂವು. ಅನ್ನ ಕೊಡುವ, ದುಡಿಮೆಯನ್ನು ಹಗುರಗೊಳಿಸುವ ಸಾಧನಗಳಿಗೆ ಮನುಷ್ಯನು ಕೃತಜ್ಞನಾಗಿರಬೇಕೆಂಬುದೇ ಈ ಪೂಜೆಯ ತಿರುಳು.

ಆದರೆ ಅದೇ ಮನೆಯ ಅಟ್ಟವನ್ನು ಹತ್ತಿ ನೋಡಿದರೆ ಬೇರೊಂದು ನೋಟ ಕಣ್ಣಿಗೆ ಬೀಳುತ್ತದೆ. ಹಿಂಬದಿ ಉಬ್ಬಿದ ಹಳೆಯ ಟಿವಿ, ಮಾತು ನಿಲ್ಲಿಸಿದ ರೇಡಿಯೊ, ಟೇಪ್ ರೆಕಾರ್ಡರ್, ಅಕ್ಷರ ಅಳಿಸಿಹೋದ ಕೀಲಿಮಣೆ, ಗುಂಡಿ ಒತ್ತುವ ಕಾಲದ ಮೊಬೈಲ್, ಬಿಡಿಸಲಾರದಂತೆ ಸಿಕ್ಕುಗಟ್ಟಿದ ಚಾರ್ಜರುಗಳ ತಂತಿ. ಇವೆಲ್ಲವೂ ಒಂದಾನೊಂದು ವರ್ಷ ಕುಂಕುಮ ಹಚ್ಚಿಸಿಕೊಂಡವುಗಳೇ. ಈಗ ಇವುಗಳನ್ನು ಬಳಸಲು ಬರುವುದಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ವರ್ಷಗಟ್ಟಲೆ ಸೇವೆ ಮಾಡಿದ ಯಂತ್ರವು ಕೆಟ್ಟು ಮೂಲೆ ಸೇರಿದ ಮೇಲೆ ಅದರ ವಿಷಯದಲ್ಲಿ ಮನುಷ್ಯನಿಗೆ ಯಾವ ಕರ್ತವ್ಯವೂ ಉಳಿಯುವುದಿಲ್ಲವೇ? ಕೃತಜ್ಞತೆಯು ಕುಂಕುಮದೊಂದಿಗೇ ಮುಗಿದುಹೋಗುತ್ತದೆಯೇ?

ಹಿಂದಿನ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಸವೆದ ನೇಗಿಲ ಕುಳವು ಕಮ್ಮಾರನ ಕುಲುಮೆಗೆ ಹೋಗಿ ಕುಡುಗೋಲಾಗಿ ಹಿಂದಿರುಗುತ್ತಿತ್ತು. ಹರಿದ ಸೀರೆ ಧೋತರಗಳು ಉತ್ತರ ಕರ್ನಾಟಕದ ಅಜ್ಜಿಯರ ಕೈಯಲ್ಲಿ ಕೌದಿಗಳಾಗುತ್ತಿದ್ದವು. ತೂತು ಬಿದ್ದ ತಾಮ್ರದ ಹಂಡೆಯನ್ನು ತೂಕಕ್ಕೆ ಕೊಂಡವನು ಅದನ್ನು ಕರಗಿಸಿ ಹೊಸ ಪಾತ್ರೆಯಾಗಿಸುತ್ತಿದ್ದನು. ಒಡೆದ ಮಡಕೆ ಮಣ್ಣಿಗೆ, ಸಗಣಿ ಸಿಪ್ಪೆಗಳು ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ ಸೇರುತ್ತಿದ್ದವು. ಇದು ಆ ಕಾಲದವರ ಸದ್ಗುಣ ಮಾತ್ರವಲ್ಲ. ಆ ಕಾಲದ ವಸ್ತುಗಳ ಗುಣವೂ ಹೌದು. ಹಂಡೆಯಲ್ಲಿದ್ದದ್ದು ತಾಮ್ರವೊಂದೇ, ಕುಳದಲ್ಲಿದ್ದದ್ದು ಕಬ್ಬಿಣವೊಂದೇ. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ತೊಡಕಿರಲಿಲ್ಲ. ಅಲ್ಲದೆ ಕಮ್ಮಾರನ ಕುಲುಮೆ ಊರೊಳಗೇ ಇತ್ತು. ಅದರ ಹೊಗೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ವಿದ್ಯುನ್ಮಾನ ಉಪಕರಣಗಳ ಸ್ವಭಾವ ಹೀಗಲ್ಲ. ಅಂಗೈಯಲ್ಲಿ ಅಡಗುವ ಒಂದು ಮೊಬೈಲ್ ಫೋನಿನಲ್ಲಿ ಹಲವು ಹತ್ತು ಮೂಲವಸ್ತುಗಳು ಸೇರಿರುತ್ತವೆ. ತಾಮ್ರ, ಅಲ್ಯೂಮಿನಿಯಂ, ತವರ, ನಿಕ್ಕಲ್, ಬೆಳ್ಳಿ, ಚಿನ್ನ, ಕೋಬಾಲ್ಟ್, ಲಿಥಿಯಂ. ಇವುಗಳ ಜೊತೆಗೆ ಗಾಜು ಮತ್ತು ಹಲವು ಬಗೆಯ ಪ್ಲಾಸ್ಟಿಕ್. ಇವು ಕಾಳುಗಳಂತೆ ಬೆರೆತಿಲ್ಲ, ಕೂದಲೆಳೆಗಿಂತ ತೆಳುವಾದ ಪದರಗಳಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಇವುಗಳನ್ನು ಕೈಯಿಂದ ಬಿಡಿಸುವುದು ಸಾಧ್ಯವೇ ಇಲ್ಲ.

ಇವುಗಳಲ್ಲಿ ಬೆಲೆಯುಳ್ಳವು ಇರುವಂತೆಯೇ ವಿಷಯುಕ್ತವಾದವುಗಳೂ ಇವೆ. ಹಳೆಯ ಟಿವಿಯ ಪಿಕ್ಚರ್ ಟ್ಯೂಬನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರೊಳಗೆ ಉಂಟಾಗುವ ಕ್ಷ-ಕಿರಣಗಳು ಹೊರಬಂದು ನೋಡುವವರಿಗೆ ತಾಗದಿರಲೆಂದು ಗಾಜಿಗೆ ಸೀಸವನ್ನು ಬೆರೆಸುತ್ತಿದ್ದರು. ದೊಡ್ಡದೊಂದು ಟ್ಯೂಬಿನಲ್ಲಿ ಒಂದು ಕಿಲೋಗ್ರಾಂಗೂ ಮಿಕ್ಕ ಸೀಸವಿರಬಹುದು. ಹಳೆಯ ಸರ್ಕ್ಯೂಟ್ ಹಲಗೆಗಳ ಬೆಸುಗೆಯಲ್ಲಿ ತವರದೊಂದಿಗೆ 100ಕ್ಕೆ 37ರಿಂದ 40 ಪಾಲು ಸೀಸವಿರುತ್ತಿತ್ತು. ಟ್ಯೂಬ್‌ಲೈಟಿನಲ್ಲಿಯೂ ಚಪ್ಪಟೆ ಟಿವಿಗಳ ಮೊದಲ ಮಾದರಿಗಳ ಬೆಳಕಿನ ಕೊಳವೆಯಲ್ಲಿಯೂ ಪಾದರಸವಿದೆ. ಮರುಪೂರಣ ಮಾಡಬಹುದಾದ ಹಳೆಯ ಬ್ಯಾಟರಿಗಳು ಹಲವುಗಳಲ್ಲಿ ಕ್ಯಾಡ್ಮಿಯಂ ಇದೆ. ಹೊರಗವಚದ ಪ್ಲಾಸ್ಟಿಕ್ಕು ಬೇಗ ಹೊತ್ತಿಕೊಳ್ಳದಿರಲೆಂದು ಅದಕ್ಕೆ ಬ್ರೋಮಿನ್‌ಯುಕ್ತ ರಾಸಾಯನಿಕಗಳನ್ನು ಸೇರಿಸುವುದೂ ಉಂಟು. ಯಂತ್ರವು ಇಡಿಯಾಗಿರುವವರೆಗೆ ಈ ವಿಷಗಳು ಬುಟ್ಟಿಯೊಳಗಿನ ಹಾವಿನಂತೆ ಒಳಗೇ ಇರುತ್ತವೆ. ಒಡೆದಾಗ, ಸುಟ್ಟಾಗ, ಆಮ್ಲದಲ್ಲಿ ಅದ್ದಿದಾಗ ಅವು ಹೊರಬೀಳುತ್ತವೆ.

ಆದರೂ ಅವುಗಳನ್ನು ಒಡೆಯುವವರೂ ಸುಡುವವರೂ ಇದ್ದಾರೆ. ಏಕೆಂದರೆ ಒಳಗೆ ಚಿನ್ನವಿದೆ. ಕೋಲಾರದ ಚಿನ್ನದ ಗಣಿಯ ವೃತ್ತಾಂತ ಕನ್ನಡಿಗರೆಲ್ಲರಿಗೂ ಪರಿಚಿತ. ಅಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆಯನ್ನು ಸಿಡಿಸಿ ಮೇಲೆ ತರುತ್ತಿದ್ದರು. ಕಡೆಯ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ ದೊರೆಯುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಖರ್ಚು ಹುಟ್ಟದೆ 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಲಾಯಿತು. ಬ್ಯಾಟರಿ ತೆಗೆದ ಒಂದು ಟನ್ ಹಳೆಯ ಮೊಬೈಲ್ ಫೋನುಗಳಲ್ಲಾದರೋ ಸುಮಾರು 300 ಗ್ರಾಂ ಚಿನ್ನವಿರುತ್ತದೆ. ಬೇಡವೆಂದು ಅಟ್ಟಕ್ಕೆ ಹಾಕಿದ್ದು ಕೋಲಾರದ ಅದಿರಿಗಿಂತ ಅನೇಕ ಪಟ್ಟು ಸಮೃದ್ಧವಾದ ಗಣಿ! ಆದರೆ ಕೋಲಾರವು ಕಲಿಸಿದ ಇನ್ನೊಂದು ಪಾಠವನ್ನೂ ಮರೆಯಲಾಗದು. ಚಿನ್ನವು ಹೊರಟುಹೋದ ಮೇಲೂ ಸೈನೈಡ್ ಬೆರೆತ ಮಣ್ಣಿನ ಬೃಹತ್ ದಿಬ್ಬಗಳು ಅಲ್ಲಿಯೇ ಉಳಿದಿವೆ. ಚಿನ್ನ ಒಂದೆಡೆಗೆ ಹೋಗುತ್ತದೆ. ಅದರ ಕಶ್ಮಲ ಇನ್ನೊಬ್ಬರ ಮನೆಯ ಮುಂದೆ ಉಳಿಯುತ್ತದೆ. ಹಳೆಯ ಯಂತ್ರಗಳ ವಿಷಯದಲ್ಲಿಯೂ ನಡೆಯುತ್ತಿರುವುದು ಇದೇ.

ಬೀದಿಯಲ್ಲಿ ಗುಜರಿಯವನು ಕೂಗುತ್ತಾನೆ. ಮನೆಯಾಕೆ ಬಾಗಿಲಿಗೆ ಬರುತ್ತಾಳೆ.

“ಅಮ್ಮಾ, ಹಳೇ ಟಿವಿ ಇದ್ದರೆ ಕೊಡಿ. ನೂರೈವತ್ತು ರೂಪಾಯಿ ಕೊಡ್ತೀನಿ.”

“ಏನಪ್ಪಾ, ಸಾವಿರಾರು ರೂಪಾಯಿ ಕೊಟ್ಟು ತಂದದ್ದು! ಮುನ್ನೂರಾದರೂ ಕೊಡು.”

“ಇನ್ನೂರು ತಗೊಳ್ಳಿ ಅಮ್ಮಾ. ನನ್ನ ಹೊಟ್ಟೆಪಾಡೂ ನಡೀಬೇಕಲ್ಲ.”

ವ್ಯಾಪಾರ ಮುಗಿಯುತ್ತದೆ. ಮನೆಯ ಮೂಲೆ ತೆರವಾಯಿತು, ಕೈಗೆ ಇನ್ನೂರು ರೂಪಾಯಿ ಬಂತು. ಇಬ್ಬರಲ್ಲಿ ಯಾರೂ ಮೋಸಗಾರರಲ್ಲ. ಗುಜರಿಯವನ ದುಡಿಮೆಯಂತೂ ಮೆಚ್ಚತಕ್ಕದ್ದೇ. ಬಿಸಿಲಿನಲ್ಲಿ ಬೀದಿ ಬೀದಿ ತಿರುಗಿ, ಮಣ್ಣು ಪಾಲಾಗಬಹುದಾಗಿದ್ದ ಕಾಗದ, ಕಬ್ಬಿಣ, ಸೀಸೆಗಳನ್ನು ಕೂಡಿಸಿ ಮರಳಿ ಬಳಕೆಗೆ ತರುವವನು ಅವನೇ. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಇನ್ನೂರು ರೂಪಾಯಿ ಬಂದುದೆಲ್ಲಿಂದ?

ಅದು ಬರುವುದು ಟಿವಿಯೊಳಗಿನ ತಾಮ್ರ, ಅಲ್ಯೂಮಿನಿಯಂ, ಸರ್ಕ್ಯೂಟ್ ಹಲಗೆಗಳಿಂದ. ಸೀಸದ ಗಾಜನ್ನು ಕೊಳ್ಳುವವರಿಲ್ಲ. ಅದು ಎಲ್ಲೋ ಕೆರೆಯ ಅಂಚಿನಲ್ಲಿ, ಖಾಲಿ ನಿವೇಶನದಲ್ಲಿ ರಾಶಿ ಬೀಳುತ್ತದೆ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿಯುವುದಕ್ಕಿಂತ ಸುಡುವುದು ಸುಲಭವಾದ್ದರಿಂದ ಅದಕ್ಕೆ ಬೆಂಕಿ ಇಡುತ್ತಾರೆ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಹಲಗೆಯನ್ನು ಕಾಯಿಸಿ ಬೆಸುಗೆಯನ್ನು ಕರಗಿಸುತ್ತಾರೆ. ಉಳಿದುದನ್ನು ಆಮ್ಲದ ಬಾನಿಗಳಲ್ಲಿ ನೆನೆಹಾಕಿ ಲೋಹವನ್ನು ಬಿಡಿಸುತ್ತಾರೆ. ಬಳಸಿದ ಆಮ್ಲವನ್ನು ಚರಂಡಿಗೆ ಸುರಿಯುತ್ತಾರೆ. ಕೈಗವಸಿಲ್ಲ, ಮುಖಕ್ಕೆ ಮುಸುಕಿಲ್ಲ. ವಿಷವನ್ನು ಸರಿಯಾಗಿ ವಿಲೇವಾರಿ ಮಾಡಲು ತಗಲುವ ಖರ್ಚನ್ನು ಯಾರೂ ಮಾಡುವುದಿಲ್ಲ. ಮಾಡದೆ ಉಳಿದ ಆ ಖರ್ಚಿನ ಒಂದು ಪಾಲೇ ಮನೆಯಾಕೆಯ ಕೈಗೆ ಬಂದ ಇನ್ನೂರು ರೂಪಾಯಿ.

ಇಷ್ಟೆಲ್ಲ ಕಷ್ಟಪಟ್ಟರೂ ದಕ್ಕುವ ಲಾಭವಾದರೂ ದೊಡ್ಡದೇ ಎಂದರೆ ಅದೂ ಇಲ್ಲ. ಬೆಂಗಳೂರಿನಲ್ಲಿ ಈ ಬಗೆಯ ಕೆಲಸವನ್ನು ಪರಿಶೀಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆಮ್ಲದ ವಿಧಾನದಲ್ಲಿ ಹಲಗೆಯಲ್ಲಿದ್ದ ಚಿನ್ನದ ಸುಮಾರು ಕಾಲು ಭಾಗ ಮಾತ್ರ ಕೈಗೆ ಬರುತ್ತಿತ್ತು. ಆಧುನಿಕ ಕುಲುಮೆಗಳಾದರೆ 100ಕ್ಕೆ 95 ಪಾಲಿನಷ್ಟನ್ನು ತೆಗೆಯಬಲ್ಲವು. ಮುಕ್ಕಾಲು ಭಾಗ ಚಿನ್ನವನ್ನು ಕಳೆದುಕೊಂಡು ಪೂರ್ತಿ ವಿಷವನ್ನು ಪಡೆಯುವ ಈ ವ್ಯಾಪಾರವನ್ನು ಲಾಭವೆಂದು ಹೇಗೆ ಕರೆಯುವುದು?

ಈ ವಿಷ ಯಾರನ್ನು ತಾಗುತ್ತದೆ ಎಂಬುದಕ್ಕೆ ಚೀನಾ ದೇಶದ ಗ್ವೀಯು ಎಂಬ ಪಟ್ಟಣವು ಸಾಕ್ಷಿ ನುಡಿದಿದೆ. ಬತ್ತ ಬೆಳೆಯುತ್ತಿದ್ದ ಆ ಊರು 1990ರ ದಶಕದಿಂದ ಹಲವು ದೇಶಗಳ ಹಳೆಯ ಕಂಪ್ಯೂಟರುಗಳನ್ನು ಒಡೆಯುವ ಕೇಂದ್ರವಾಯಿತು. ಮನೆಯಂಗಳದಲ್ಲೇ ಹಲಗೆಗಳನ್ನು ಕಾಯಿಸುವುದು ಅಲ್ಲಿನ ಕಸುಬಾಯಿತು. ವೈದ್ಯವಿಜ್ಞಾನಿಗಳು ಅಲ್ಲಿನ ಆರು ವರ್ಷದೊಳಗಿನ 165 ಮಕ್ಕಳ ರಕ್ತವನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 100ಕ್ಕೆ 80ಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ, ಆಗ ಆತಂಕದ ಗಡಿಯೆಂದು ಎಣಿಸಲಾಗಿದ್ದ ಪ್ರಮಾಣವನ್ನು ಮೀರಿದ ಸೀಸವಿತ್ತು. ಆ ಮಕ್ಕಳಲ್ಲಿ ಯಾರೂ ಕಂಪ್ಯೂಟರನ್ನು ಕೊಂಡವರಲ್ಲ, ಬಿಸುಟವರೂ ಅಲ್ಲ.

ಸೀಸವು ಮಕ್ಕಳಿಗೆ ವಿಶೇಷವಾಗಿ ಹಗೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಚಿಕ್ಕ ಮಗುವಿನ ದೇಹವು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಅದನ್ನು ಹೀರಿಕೊಳ್ಳುತ್ತದೆ. ಬೆಳೆಯುವ ಮೂಳೆಯು ಅದನ್ನು ಸುಣ್ಣದಂಶವೆಂದೇ ಬಗೆದು ಕೂಡಿಟ್ಟುಕೊಳ್ಳುತ್ತದೆ. ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಕಲಿಯುವ ಶಕ್ತಿ ಕುಗ್ಗುತ್ತದೆ, ಗಮನ ನಿಲ್ಲುವುದಿಲ್ಲ. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥ ಕೆಲಸಕ್ಕೆ ಹೆಸರಾದ ಸ್ಥಳಗಳು ಭಾರತದಲ್ಲಿಯೂ ಇವೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಅವುಗಳಲ್ಲಿ ಮುಖ್ಯವಾದವು.

“ಮಾಡಿದ್ದುಣ್ಣೋ ಮಹಾರಾಯ” ಎಂದು ಕನ್ನಡದ ಗಾದೆ. ಇಲ್ಲಿಯಾದರೋ ಮಾಡಿದವನೊಬ್ಬ, ಉಣ್ಣುವವನು ಮತ್ತೊಬ್ಬ. ಯಂತ್ರದ ಸುಖವನ್ನು ಉಂಡದ್ದು ಒಂದು ಮನೆ. ಅದರ ಹೊಗೆಯನ್ನು ಕುಡಿಯುವುದು ಇನ್ನೊಂದು ಮನೆಯ ಮಗು. ಕಮ್ಮಾರನ ಕುಲುಮೆಯಂತೆ ಈ ಹೊಗೆ ಊರೊಳಗೆ ಕಾಣುವುದಿಲ್ಲ. ಕಾಣದ್ದರಿಂದಲೇ ಮನಸ್ಸಿಗೆ ತಟ್ಟುವುದಿಲ್ಲ.

ಹಾಗಾದರೆ ಖರ್ಚನ್ನು ಭರಿಸಬೇಕಾದವರು ಯಾರು? ಈ ಪ್ರಶ್ನೆಯನ್ನು ಕುರಿತು ಆಳವಾಗಿ ಯೋಚಿಸಿದವರಲ್ಲಿ ಸ್ವೀಡನ್ ದೇಶದ ವಿದ್ವಾಂಸ ಥಾಮಸ್ ಲಿಂಡ್‌ಕ್ವಿಸ್ಟ್ ಒಬ್ಬರು. ವಸ್ತುವನ್ನು ತಯಾರಿಸಿದವನ ಹೊಣೆ ಅದನ್ನು ಮಾರಿದೊಡನೆ ಮುಗಿಯುವುದಿಲ್ಲ. ಅದು ಹಾಳಾಗಿ ಹಿಂದಿರುಗಿ ವಿಲೇವಾರಿಯಾಗುವವರೆಗೂ ವಿಸ್ತರಿಸುತ್ತದೆ ಎಂಬ ತತ್ತ್ವವನ್ನು ಅವರು 1990ರಲ್ಲಿ ಮಂಡಿಸಿದರು. ಇದಕ್ಕೆ ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂದು ಹೆಸರು. ಕೊನೆಗೆ ತಾನೇ ಬಿಚ್ಚಬೇಕಾದೀತೆಂದು ತಿಳಿದ ತಯಾರಕನು ಬಿಚ್ಚಲು ಸುಲಭವಾಗುವಂತೆಯೂ ವಿಷ ಕಡಿಮೆ ಇರುವಂತೆಯೂ ವಸ್ತುವನ್ನು ರೂಪಿಸುತ್ತಾನೆ ಎಂಬುದು ಇದರ ಹಿಂದಿನ ವಿವೇಕ.

ಸ್ವಿಟ್ಜರ್ಲೆಂಡ್ ದೇಶದಲ್ಲಿ 1990ರ ದಶಕದಲ್ಲಿ ಈ ತತ್ತ್ವವು ಆಚರಣೆಗೆ ಬಂದಿತು. ಅಲ್ಲಿ ಹೊಸ ಉಪಕರಣವನ್ನು ಕೊಳ್ಳುವಾಗಲೇ ಅದರ ಮುಂದಿನ ವಿಲೇವಾರಿಗೆಂದು ಒಂದು ಚಿಕ್ಕ ಮೊತ್ತವನ್ನು ಸೇರಿಸಿ ಪಡೆಯುತ್ತಿದ್ದರು. ಆದುದರಿಂದ ಹಳೆಯದನ್ನು ಹಿಂದಿರುಗಿಸಲು ಬಂದವನು ಏನನ್ನೂ ತೆರಬೇಕಾಗಿರಲಿಲ್ಲ. ಯುರೋಪಿನ ಒಕ್ಕೂಟದ ಕಾನೂನು, 2005ರ ಆಗಸ್ಟ್ 13ರಿಂದ ಮನೆಗಳ ಹಳೆಯ ಉಪಕರಣಗಳನ್ನು ಉಚಿತವಾಗಿ ಮರಳಿ ಪಡೆಯುವ ಏರ್ಪಾಡು ಇರಬೇಕೆಂದು ವಿಧಿಸಿತು. 2006ರ ಜುಲೈ 1ರಿಂದ ಅಲ್ಲಿ ಮಾರಾಟವಾಗುವ ಹೊಸ ಉಪಕರಣಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದವುಗಳ ಬಳಕೆಗೆ ಕಡಿವಾಣ ಬಿದ್ದಿತು.

ಭಾರತವು ವಿದ್ಯುನ್ಮಾನ ತ್ಯಾಜ್ಯಕ್ಕೆಂದೇ ನಿಯಮಗಳನ್ನು ರಚಿಸಿದ್ದು 2011ರಲ್ಲಿ. ಅವು ಜಾರಿಗೆ ಬಂದದ್ದು 2012ರ ಮೇ 1ರಂದು. 2016ರಲ್ಲಿ ಅವುಗಳನ್ನು ಬಿಗಿಗೊಳಿಸಲಾಯಿತು. 2022ರಲ್ಲಿ ರಚಿತವಾದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಇವುಗಳ ಪ್ರಕಾರ, ಆಯುಸ್ಸು ತೀರಿದ ತನ್ನ ಸರಕಿನಲ್ಲಿ ಗೊತ್ತಾದ ಪಾಲನ್ನು ನೋಂದಾಯಿತ ಘಟಕಗಳ ಮೂಲಕ ಮರುಬಳಕೆಗೆ ತರಿಸುವುದು ಉತ್ಪಾದಕನ ಕರ್ತವ್ಯ. ಮೊದಲೆರಡು ವರ್ಷಗಳಿಗೆ ಈ ಪಾಲು 100ಕ್ಕೆ 60, ಮುಂದಿನ ಎರಡು ವರ್ಷಗಳಿಗೆ 70, 2027-28ರಿಂದ 80. ತ್ಯಾಜ್ಯವನ್ನು ಬಿಚ್ಚುವ ಕೆಲಸಗಾರರನ್ನು ಗುರುತಿಸಿ, ತರಬೇತಿ ಕೊಡಿಸಿ, ಅವರ ಆರೋಗ್ಯವನ್ನು ಕಾಪಾಡುವ ಹೊಣೆಯನ್ನು ನಿಯಮಗಳು ರಾಜ್ಯಗಳಿಗೆ ವಹಿಸಿವೆ. ಗುಜರಿಯವನನ್ನು ಹೊರಗಟ್ಟುವುದು ಇದರ ಉದ್ದೇಶವಲ್ಲ. ಅವನ ಕೈಯಿಂದ ಬೆಂಕಿಯನ್ನೂ ಆಮ್ಲವನ್ನೂ ಬಿಡಿಸಿ, ಕೂಡಿಸುವ ಕೆಲಸವನ್ನು ಅವನಿಗೇ ಉಳಿಸುವುದು ನ್ಯಾಯವಾದ ದಾರಿ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳೆಯ ಯಂತ್ರವನ್ನು ಉಚಿತವಾಗಿ ಒಪ್ಪಿಸಬಹುದೆಂದರೆ ಖರ್ಚೇ ಇಲ್ಲವೆಂದು ಅರ್ಥವಲ್ಲ. ಆ ಖರ್ಚು ಸಲ್ಲಬೇಕಾದವರಿಂದ, ಸಲ್ಲಬೇಕಾದ ವೇಳೆಯಲ್ಲಿ ಸಲ್ಲಿದೆಯೆಂದು ಅರ್ಥ. ಉತ್ಪಾದಕನು ಅದನ್ನು ತನ್ನ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಾನೆ. ಕೊಂಡವನು ಬೆಲೆಯ ರೂಪದಲ್ಲಿ ಅದರ ಒಂದು ಪಾಲನ್ನು ಮೊದಲೇ ತೆತ್ತಿರುತ್ತಾನೆ. ಹೀಗೆ ತೆತ್ತವನು ಮುಂದೆ ಇನ್ನೂರು ರೂಪಾಯಿಯ ಆಸೆಗೆ ಯಂತ್ರವನ್ನು ಬೆಂಕಿಯ ದಾರಿಗೆ ಕಳುಹಿಸಿದರೆ, ತಾನು ತೆತ್ತದ್ದನ್ನು ತಾನೇ ವ್ಯರ್ಥಗೊಳಿಸಿದಂತಾಗುತ್ತದೆ.

ಸರಿಯಾದ ದಾರಿಯಲ್ಲಿ ಹೋದ ಯಂತ್ರಕ್ಕೆ ಏನಾಗುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಈ ಕೆಲಸಕ್ಕೆಂದೇ ದೇಶದಲ್ಲಿ ಮೊದಲು ಅಧಿಕೃತ ಮಾನ್ಯತೆ ಪಡೆದ ‘ಇ-ಪರಿಸರ’ ಎಂಬ ಘಟಕವು 2005ರಲ್ಲಿ ಬೆಂಗಳೂರಿಗೆ ಸಮೀಪದ ದಾಬಸ್‌ಪೇಟೆಯಲ್ಲಿ ಕೆಲಸ ಆರಂಭಿಸಿತು. ಅನಂತರ ರಾಜ್ಯದಲ್ಲಿಯೂ ದೇಶದಲ್ಲಿಯೂ ಇಂಥ ಘಟಕಗಳು ಹಲವು ಹುಟ್ಟಿಕೊಂಡಿವೆ. ಕ್ರಮಬದ್ಧವಾದ ಘಟಕದಲ್ಲಿ ಮೊದಲು ಉಪಕರಣವನ್ನು ಕೈಯಿಂದ ಬಿಚ್ಚಿ ಬ್ಯಾಟರಿ, ಪಾದರಸದ ಕೊಳವೆ, ಸೀಸದ ಗಾಜುಗಳನ್ನು ಪ್ರತ್ಯೇಕಿಸುತ್ತಾರೆ. ಉಳಿದ ಭಾಗಗಳು ಚೂರುಚೂರಾಗುತ್ತವೆ. ದೂಳನ್ನು ಯಂತ್ರಗಳು ಹೀರಿ ಸೋಸುತ್ತವೆ. ಅಯಸ್ಕಾಂತವು ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ. ಬೇರೆ ಬೇರೆ ಉಪಾಯಗಳಿಂದ ಅಲ್ಯೂಮಿನಿಯಂ, ತಾಮ್ರ, ಪ್ಲಾಸ್ಟಿಕ್ಕುಗಳು ಬೇರೆಯಾಗುತ್ತವೆ. ಸರ್ಕ್ಯೂಟ್ ಹಲಗೆಗಳಿಂದ ಬೆಲೆಯುಳ್ಳ ಲೋಹಗಳನ್ನು ತೆಗೆಯಲು ಮುಚ್ಚಿದ ವ್ಯವಸ್ಥೆಯ ರಾಸಾಯನಿಕ ವಿಧಾನವೋ ಹೊಗೆಯನ್ನು ಶೋಧಿಸುವ ದೊಡ್ಡ ಕುಲುಮೆಯೋ ಬೇಕು. ಮರುಬಳಕೆಗೆ ಬಾರದ ವಿಷವಸ್ತುವನ್ನು ಕೂಡ ಚರಂಡಿಗೆ ಬಿಡದೆ ಪ್ರತ್ಯೇಕವಾಗಿ ಕಾಪಿಡುತ್ತಾರೆ.

ಇಷ್ಟೆಲ್ಲ ನಡೆಯಬೇಕಾದರೆ ಮೊದಲ ಹೆಜ್ಜೆ ಮನೆಯಲ್ಲಿಯೇ ಆಗಬೇಕು. ಆ ಹೆಜ್ಜೆಗಳು ಕಷ್ಟದವೇನಲ್ಲ.

ಎಲ್ಲಕ್ಕೂ ಮೊದಲು, ಯಂತ್ರವು ನಿಜವಾಗಿಯೂ ಕೆಟ್ಟಿದೆಯೇ ಎಂದು ವಿಚಾರಿಸಬೇಕು. ರಿಪೇರಿ ಅಂಗಡಿಯವನ ಅರ್ಧ ಗಂಟೆಯ ಕೆಲಸದಿಂದ ಮಿಕ್ಸಿಯೊಂದು ಇನ್ನೂ ಐದು ವರ್ಷ ಬಾಳಬಹುದು. ಒಂದು ಮನೆಗೆ ಬೇಡವಾದ ಕಂಪ್ಯೂಟರು ಇನ್ನೊಂದು ಮನೆಯ ಬಾಲಕನ ಓದಿಗೆ ನೆರವಾಗಬಹುದು. ಬಳಕೆಗೆ ಯೋಗ್ಯವಾದುದನ್ನು ಬಳಸುವುದೇ ಮರುಬಳಕೆಗಳಲ್ಲೆಲ್ಲ ಶ್ರೇಷ್ಠವಾದುದು.

ಎರಡನೆಯದು, ಕೊಡುವ ಮುನ್ನ ಅದರೊಳಗಿನ ವಿವರಗಳನ್ನು ಅಳಿಸಬೇಕು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮನೆಯವರ ಭಾವಚಿತ್ರ, ಪತ್ರ, ಬ್ಯಾಂಕಿನ ಲೆಕ್ಕಗಳಿರುತ್ತವೆ. ಬೇಕಾದವನ್ನು ಬೇರೆಡೆಗೆ ನಕಲು ಮಾಡಿಕೊಂಡು, ಖಾತೆಗಳಿಂದ ಹೊರಬಂದು, ಸಿಮ್ ಮತ್ತು ಮೆಮೊರಿ ಕಾರ್ಡುಗಳನ್ನು ತೆಗೆದು, ಫೋನನ್ನು ಕೊಂಡ ದಿನದ ಸ್ಥಿತಿಗೆ ಮರಳಿಸಬೇಕು. ಇದಕ್ಕೆ ಬೇಕಾದ ಸೌಲಭ್ಯ ಫೋನಿನ ಸೆಟ್ಟಿಂಗ್ಸ್‌ನಲ್ಲಿಯೇ ಇರುತ್ತದೆ.

ಮೂರನೆಯದು, ಯಾವುದನ್ನೂ ಮನೆಯಲ್ಲಿ ಒಡೆಯಬಾರದು. ಪಿಕ್ಚರ್ ಟ್ಯೂಬಿನೊಳಗೆ ಗಾಳಿಯಿಲ್ಲ. ಪೆಟ್ಟು ಬಿದ್ದರೆ ಅದು ಒಳಮುಖವಾಗಿ ಸಿಡಿದು ಗಾಜಿನ ಚೂರುಗಳು ಹಾರುತ್ತವೆ. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಉಬ್ಬಿದ ಬ್ಯಾಟರಿಯುಳ್ಳ ಫೋನನ್ನು ಚಾರ್ಜು ಮಾಡದೆ, ಒತ್ತದೆ, ಮಕ್ಕಳ ಕೈಗೆ ಸಿಗದಂತೆ, ಬೆಂಕಿ ಹತ್ತುವ ವಸ್ತುಗಳಿಂದ ದೂರವಿರಿಸಿ ಬೇಗನೆ ಒಪ್ಪಿಸಬೇಕು. ಬಿಡಿ ಬ್ಯಾಟರಿಗಳ ತುದಿಗಳಿಗೆ ಅಂಟುಪಟ್ಟಿ ಸುತ್ತಬೇಕು. ಟ್ಯೂಬ್‌ಲೈಟನ್ನು ಕಾಗದದಲ್ಲಿ ಸುತ್ತಿ ಒಡೆಯದಂತೆ ಇಡಬೇಕು.

ನಾಲ್ಕನೆಯದು, ಇವುಗಳನ್ನು ದಿನದ ಕಸದೊಂದಿಗೆ ಬೆರೆಸಬಾರದು. ಉಪಕರಣಗಳ ಹಿಂಬದಿಯಲ್ಲಿ ಗಾಲಿಯುಳ್ಳ ಕಸದ ತೊಟ್ಟಿಯ ಚಿಕ್ಕ ಚಿತ್ರವೊಂದು ಅನೇಕ ವೇಳೆ ಅಚ್ಚಾಗಿರುತ್ತದೆ. ಅದರ ಮೇಲೆ ಅಡ್ಡಗೆರೆಗಳನ್ನು ಎಳೆದಿರುತ್ತದೆ. ಓದು ಬಾರದವರಿಗೂ ತಿಳಿಯಲೆಂದು ಬರೆದ ಚಿತ್ರ ಅದು: ‘ಇದನ್ನು ಕಸದ ತೊಟ್ಟಿಗೆ ಹಾಕಬೇಡಿ.’

ಕೊನೆಯದು, ಯಾರಿಗೆ ಕೊಡಬೇಕೆಂಬುದು. ತಯಾರಿಸಿದ ಕಂಪನಿಗೆ ದೂರವಾಣಿ ಮಾಡಿದರೆ ಅದರ ಸಂಗ್ರಹ ಕೇಂದ್ರದ ವಿವರ ದೊರೆಯುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಪಡೆಯುವ ಅಂಗಡಿಗಳುಂಟು. ನಗರಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳಿವೆ. ಅವು ಇಂಥ ವಸ್ತುಗಳನ್ನು ತೆಗೆದುಕೊಳ್ಳುತ್ತವೆಯೇ ಎಂದು ವಿಚಾರಿಸಬಹುದು. ಅಧಿಕೃತ ಘಟಕಗಳ ವಿವರವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬಹುದು. ಯಾರಿಗೆ ಕೊಟ್ಟರೂ ‘ಇದು ಯಾವ ಘಟಕಕ್ಕೆ ಹೋಗುತ್ತದೆ? ಆ ಘಟಕಕ್ಕೆ ಮಾನ್ಯತೆ ಇದೆಯೇ?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ರಸೀದಿಯನ್ನು ಪಡೆಯುವುದು ಲೇಸು. ಹಳ್ಳಿಗಳಲ್ಲಿ ಇಂಥ ಕೇಂದ್ರಗಳು ಹತ್ತಿರವಿರುವುದಿಲ್ಲ. ಒಬ್ಬನೇ ಒಂದು ಹಳೆಯ ಫೋನನ್ನು ಹಿಡಿದು ಪಟ್ಟಣಕ್ಕೆ ಹೋಗುವುದು ನಡೆಯುವ ಮಾತಲ್ಲ. ಆದರೆ ಒಂದು ಶಾಲೆಯ ಮಕ್ಕಳು ಊರಿನ ಮನೆಗಳಿಂದ ಕೂಡಿಸಿಟ್ಟರೆ ಅದು ವಾಹನ ತುಂಬುವ ಹೊರೆಯಾಗುತ್ತದೆ. ಅಂಥ ಹೊರೆಯನ್ನು ಒಯ್ಯಲು ಘಟಕದವರೇ ಮುಂದೆ ಬಂದಾರು.

ಹೀಗೆ ಕೂಡಿಸಿದರೆ ಏನಾಗಬಲ್ಲದೆಂಬುದನ್ನು ಜಪಾನ್ ದೇಶದ ಜನ ತೋರಿಸಿಕೊಟ್ಟಿದ್ದಾರೆ. ಟೋಕಿಯೊ ನಗರದ ಒಲಿಂಪಿಕ್ ಕ್ರೀಡಾಕೂಟದ ಪದಕಗಳನ್ನು ಜನರ ಹಳೆಯ ಉಪಕರಣಗಳಿಂದಲೇ ಮಾಡಬೇಕೆಂದು ಅಲ್ಲಿ ಸಂಕಲ್ಪಿಸಲಾಯಿತು. 2017ರ ಏಪ್ರಿಲಿನಿಂದ 2019ರ ಮಾರ್ಚಿನವರೆಗೆ ಸುಮಾರು 79 ಸಾವಿರ ಟನ್ ಸಣ್ಣ ಉಪಕರಣಗಳನ್ನೂ ಸುಮಾರು 62 ಲಕ್ಷ ಮೊಬೈಲ್ ಫೋನುಗಳನ್ನೂ ಸಂಗ್ರಹಿಸಿದರು. ಅವುಗಳಿಂದ 32 ಕಿಲೋಗ್ರಾಂ ಚಿನ್ನ, 3,500 ಕಿಲೋಗ್ರಾಂ ಬೆಳ್ಳಿ, 2,200 ಕಿಲೋಗ್ರಾಂ ಕಂಚಿಗೆ ಬೇಕಾದ ಲೋಹ ದೊರೆತವು. 2021ರಲ್ಲಿ ನಡೆದ ಆ ಕ್ರೀಡಾಕೂಟದಲ್ಲಿ ಗೆದ್ದವರ ಕೊರಳಿನಲ್ಲಿ ತೂಗಾಡಿದ್ದು ಯಾವುದೋ ಮನೆಯ ಮೇಜಿನ ಖಾನೆಯಲ್ಲಿ ಮರೆತುಹೋಗಿದ್ದ ಫೋನಿನ ಲೋಹ.

ಆದರೆ ಜಗತ್ತಿನ ಒಟ್ಟು ಲೆಕ್ಕವು ಇಷ್ಟು ಹರ್ಷದಾಯಕವಾಗಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಲೋಕವು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಹುಟ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ತಂದುದೆಂದು ದಾಖಲೆಯಿರುವುದು 100ಕ್ಕೆ 22 ಪಾಲಿಗೆ ಮಾತ್ರ. ಉಳಿದುದರಲ್ಲಿ ಕೆಲವು ಅಟ್ಟಗಳ ಮೇಲಿವೆ, ಕೆಲವು ಮಣ್ಣಿನೊಳಗಿವೆ, ಕೆಲವು ಈ ಗಳಿಗೆಯಲ್ಲಿಯೂ ಎಲ್ಲೋ ಉರಿಯುತ್ತಿರಬಹುದು.

ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ಹಿರಿಯರು ನಂಬಿದ್ದರು. ತಂದೆತಾಯಿಗಳ ಋಣ, ಗುರುವಿನ ಋಣ, ನೆಲದ ಋಣ. ಯಂತ್ರದಿಂದ ಸೇವೆ ಪಡೆದವನಿಗೆ ಇನ್ನೂ ಒಂದು ಋಣವಿದೆ. ಅದು ಆ ಜಡವಸ್ತುವಿಗೆ ಸಲ್ಲಬೇಕಾದುದಲ್ಲ. ಅದನ್ನು ಬಿಚ್ಚುವ ಕೈಗಳಿಗೆ, ಆ ಕೈಗಳ ಪಕ್ಕದಲ್ಲಿ ಆಡುವ ಮಕ್ಕಳಿಗೆ, ಅವರು ಕುಡಿಯುವ ನೀರಿಗೆ ಸಲ್ಲಬೇಕಾದುದು. ಈ ಋಣವನ್ನು ತೀರಿಸಲು ಹಣ ಬೇಕಾಗಿಲ್ಲ. ಒಂದು ವಿಚಾರಣೆ, ಒಂದು ನಡಿಗೆ, ಇನ್ನೂರು ರೂಪಾಯಿಯ ಆಸೆಯನ್ನು ಬಿಡುವಷ್ಟು ಮನಸ್ಸು ಇದ್ದರೆ ಸಾಕು.

ಮುಂದಿನ ಮಹಾನವಮಿಗೆ ಮನೆಯನ್ನು ಗುಡಿಸಿ ಸಾರಿಸುವಾಗ ಯಾರಾದರೂ ಅಟ್ಟವನ್ನು ಹತ್ತಿಯೇ ಹತ್ತುತ್ತಾರೆ. ಆಗ ಕೆಳಗಿಳಿಸಿದ ಹಳೆಯ ಯಂತ್ರವು ಸರಿಯಾದ ಕೈಗಳನ್ನು ಸೇರಿದರೆ, ಹೊಸ ಯಂತ್ರಕ್ಕೆ ಹಚ್ಚುವ ಕುಂಕುಮಕ್ಕೆ ಅರ್ಥ ಬರುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿಗೆ ಸೀಸವನ್ನು ಏಕೆ ಬೆರೆಸುತ್ತಿದ್ದರು?
2. ಕೋಲಾರದ ಚಿನ್ನದ ಗಣಿಯನ್ನು ಯಾವಾಗ ಮುಚ್ಚಲಾಯಿತು?
3. ಉಪಕರಣಗಳ ಹಿಂಬದಿಯಲ್ಲಿರುವ ಕಸದ ತೊಟ್ಟಿಯ ಚಿತ್ರವು ಏನನ್ನು ಸೂಚಿಸುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಹಿಂದಿನ ಮನೆಗಳಲ್ಲಿ ಹಳೆಯ ವಸ್ತುಗಳು ಹೇಗೆ ಮರಳಿ ಬಳಕೆಗೆ ಬರುತ್ತಿದ್ದವು?
2. ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂದರೇನು?
3. “ಮಾಡಿದವನೊಬ್ಬ, ಉಣ್ಣುವವನು ಮತ್ತೊಬ್ಬ.” ಈ ಮಾತನ್ನು ಪಾಠದ ಹಿನ್ನೆಲೆಯಲ್ಲಿ ವಿವರಿಸಿ.

ಇ) ನಿಮ್ಮ ಮನೆಯಲ್ಲಿ ಬಳಕೆಯಲ್ಲಿಲ್ಲದ ವಿದ್ಯುನ್ಮಾನ ಉಪಕರಣಗಳ ಪಟ್ಟಿಯನ್ನು ತಯಾರಿಸಿ. ಅವುಗಳಲ್ಲಿ ರಿಪೇರಿಗೆ ಯೋಗ್ಯವಾದವು ಯಾವುವು, ಒಪ್ಪಿಸಬೇಕಾದವು ಯಾವುವು ಎಂಬುದನ್ನು ಹಿರಿಯರೊಡನೆ ಚರ್ಚಿಸಿ ಬರೆಯಿರಿ.